ಜಾಕಿಯ ಕಾಲು ತೆಗೆದ ವರ್ಷ

ಜಾಕಿ ಕುಂಟುತ್ತಿದ್ದಾನೆಂದು ಮೊದಲು ಕಂಡುಹಿಡಿದದ್ದು ನಾನಲ್ಲ, ಹಮೀದಾಕ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸಣಕಲಾಗಿ ಉಳಿದಿದೆ. ಬಸ್ಸಿನಿಂದ ಹತ್ತು ಜನ ಇಳಿದರೆ ಅವರಲ್ಲಿ ಯಾರ ಹೆಜ್ಜೆ ಚೂರು ತಪ್ಪುತ್ತಿದೆ ಎಂದು ನನಗೆ ಕುಳಿತಲ್ಲಿಂದಲೇ ಗೊತ್ತಾಗುತ್ತದೆ. ಆದರೆ ಹಗಲಿಡೀ ನನ್ನ ಹೊಲಿಗೆ ಮಿಷನ್ನಿನ ಕೆಳಗೆ ಮಲಗುವ ನಾಯಿಯ ಮುಂಗಾಲು ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಮದುವೆಗಳ ಕಾಲ. ರವಿಕೆಗಳ ರಾಶಿಯ ನಡುವೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ.

ಕಡಬ ಪೇಟೆಯಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ. ಗೋಡೆಯ ಆಚೆ ಬದಿ ಹಮೀದಾಕನ ಗೋದಾಮು. ಅವರು ಸುತ್ತಲಿನ ಊರುಗಳಿಂದ ರಬ್ಬರ್ ಶೀಟು ಖರೀದಿಸುವ ವ್ಯಾಪಾರಿ, ಬ್ಯಾರಿ ಮುಸಲ್ಮಾನರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಜಾಕಿಯನ್ನು ಮರಿಯಾಗಿದ್ದಾಗ ಗೋದಾಮಿನ ಕಾವಲಿಗೆಂದು ತಂದದ್ದು ಅವರೇ. ಗುತ್ತಿಗಾರಿನಿಂದ ಶೀಟು ತರುವ ಒಬ್ಬ ತೋಟದವರು ಕೊಟ್ಟ ಮರಿ. ತಾಯಿ ಅಲ್ಸೇಷನ್ ಆಗಿದ್ದರಿಂದ ಊರ ನಾಯಿಗಳಿಗಿಂತ ಒಂದು ಗೇಣು ಎತ್ತರ ಬೆಳೆದ. ಬೆಳಗ್ಗೆ ನಾನು ಬಾಗಿಲು ತೆರೆದರೆ ಸಾಕು, ನೇರ ಬಂದು ಮಿಷನ್ನಿನ ಕೆಳಗೆ ಸೇರಿಕೊಳ್ಳುತ್ತಿದ್ದ. ಊಟ ಹಮೀದಾಕನದ್ದು, ನಿದ್ದೆ ನನ್ನಲ್ಲಿ. ಎಂಟು ವರ್ಷ ಹೀಗೇ ನಡೆಯಿತು. ನಾಯಿ ಯಾರದ್ದೆಂದು ಯಾರೂ ಕೇಳಿರಲಿಲ್ಲ.

ಹಮೀದಾಕ ಜಾಕಿಯನ್ನು ಮುಟ್ಟುತ್ತಿರಲಿಲ್ಲ. ನಾಯಿಯ ಜೊಲ್ಲು ತಾಗಿದರೆ ಅವರ ಕ್ರಮದಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಹಾಗಾಗಿ ಅನ್ನದ ತಟ್ಟೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ಅವನ ಜೊತೆ ಮಾತಾಡುತ್ತಿದ್ದರು. ಆ ದಿನವೂ ಅಷ್ಟು ದೂರದಲ್ಲಿ ನಿಂತೇ ಅವರು ಅದನ್ನು ನೋಡಿದ್ದು. ಅಂಗಡಿಯ ಬಾಗಿಲಿಗೆ ಬಂದು, "ವನಜಕ್ಕ, ಇದರ ಬಲಗಾಲಿಗೆ ಎಂತ ಆಗಿದೆ? ನೆಲಕ್ಕೆ ಊರುದಿಲ್ಲ ಇದು" ಎಂದರು. (ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.)

ಕಡಬದ ಪಶುವೈದ್ಯರು ಮೊದಲು ಉಳುಕು ಇರಬಹುದೆಂದು ಒಂದು ವಾರಕ್ಕೆ ನೋವಿನ ಮಾತ್ರೆ ಕೊಟ್ಟರು. ಮಾತ್ರೆ ಇರುವಷ್ಟು ದಿನ ಚೆನ್ನಾಗಿದ್ದ. ಮುಗಿದ ಮರುದಿನವೇ ಕಾಲು ಎತ್ತಿ ಹಿಡಿದ. ಪಾದದ ಗಂಟಿನ ಮೇಲೆ ನಿಂಬೆಹುಳಿಯಷ್ಟು ಊತ ಇತ್ತು, ಒತ್ತಿದರೆ ಕಲ್ಲಿನಂತೆ ಗಟ್ಟಿ. ಅದನ್ನು ಮುಟ್ಟಿ ನೋಡಿದ ವೈದ್ಯರ ಮುಖ ಸಪ್ಪಗಾಯಿತು. ತಡ ಮಾಡದೆ ಪುತ್ತೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ ಎಂದು ಅವರೇ ಅಲ್ಲಿಯ ಕ್ಲಿನಿಕ್ಕಿಗೆ ಫೋನ್ ಮಾಡಿ ಹೇಳಿದರು.

ಹಮೀದಾಕನ ಪಿಕಪ್ಪಿನ ಹಿಂಬದಿಯಲ್ಲಿ ಗೋಣಿ ಹಾಸಿ, ಜಾಕಿಯ ಜೊತೆ ನಾನೂ ಅಲ್ಲೇ ಕುಳಿತು ಹೋದೆ. ಪುತ್ತೂರಿನ ಆ ಕ್ಲಿನಿಕ್ಕಿನಲ್ಲಿ ಕಾಯುವವರಿಗೆ ಎರಡು ಬೆಂಚುಗಳಿದ್ದವು. ಒಬ್ಬರು ಚೀಲದಲ್ಲಿ ಕೋಳಿಕಾಳಗದ ಅಂಕಕ್ಕೆ ಸಾಕಿದ ಹುಂಜ ತಂದಿದ್ದರು, ಅದು ಆಗಾಗ ತಲೆ ಹೊರಗೆ ಹಾಕಿ ಎಲ್ಲರನ್ನೂ ನೋಡುತ್ತಿತ್ತು. ನರಿಮೊಗರಿನ ಒಬ್ಬ ಟೀಚರ್ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೇಲೆ ಟವೆಲು ಮುಚ್ಚಿದ್ದರು. ಮನುಷ್ಯರ ಆಸ್ಪತ್ರೆಗಳಲ್ಲಿ ನಾನು ಎಷ್ಟೋ ಬೆಂಚುಗಳ ಮೇಲೆ ಕುಳಿತಿದ್ದೇನೆ. ಅಲ್ಲಿ ಜನ ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ಮುಖ. ಇಲ್ಲಿ ಎಲ್ಲರೂ ನೋಡಿದ್ದು ಜಾಕಿಯನ್ನು. ಟೀಚರ್ ತಾನೇ ಎದ್ದು, ನಾಯಿ ಮಲಗಲಿ ಎಂದು ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟರು.

ಡಾಕ್ಟರ್ ಹೆಂಗಸು, ಇನ್ನೂ ಚಿಕ್ಕ ಪ್ರಾಯ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮ್ಮಿಬ್ಬರನ್ನೂ ಹತ್ತಿರ ಕರೆದರು. ಒಳ್ಳೆಯ ಎಲುಬು ಹೇಗಿರುತ್ತದೆಂದು ಎಡಗಾಲಿನದ್ದನ್ನು ತೋರಿಸಿದರು. ಬಲಗಾಲಿನದ್ದನ್ನು ವಿವರಿಸಬೇಕಾಗಲಿಲ್ಲ. ಎಲುಬಿನ ತುದಿ ಗೆದ್ದಲು ಹಿಡಿದ ಮರದಂತಿತ್ತು. ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆರು ದಿನ ಬಿಟ್ಟು ಫಲಿತಾಂಶ ಬಂದಾಗ ಮತ್ತೆ ಕರೆಸಿ ಕುಳ್ಳಿರಿಸಿ ಹೇಳಿದರು: ಎಲುಬಿನ ಕ್ಯಾನ್ಸರ್.

ಮುಂದಿನ ದಾರಿಗಳನ್ನೂ ಅವರೇ ಹೇಳಿದರು. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಕಾಲನ್ನು ಭುಜದಿಂದ ತೆಗೆಸುವುದು, ಆಮೇಲೆ ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಇಂಜೆಕ್ಷನ್. ಇಂಜೆಕ್ಷನ್ ಬೇಡವೆಂದರೆ ಕಾಲು ತೆಗೆಸುವುದಷ್ಟೇ, ನೋವಾದರೂ ಹೋಗುತ್ತದೆ. ಅದೂ ಬೇಡವೆಂದರೆ ಮಾತ್ರೆ ಕೊಡುತ್ತಾ ಇರುವುದು, ಆದರೆ ಎಲುಬು ಯಾವ ಗಳಿಗೆಯಲ್ಲಾದರೂ ತನ್ನಷ್ಟಕ್ಕೇ ಮುರಿಯಬಹುದು. ಕಾಲು ಉಳಿಸಿಕೊಂಡು ಕಿರಣ ಕೊಡುವ ಚಿಕಿತ್ಸೆ ದೂರದ ಕೆಲವು ಊರುಗಳಲ್ಲಿ ಉಂಟಂತೆ, ನಮ್ಮ ಕೈಗೆ ಎಟಕುವ ಮಾತಲ್ಲ. ಕೊನೆಯದ್ದನ್ನು ಅವರು ಮೆಲ್ಲಗೆ ಹೇಳಿದರು: ಮತ್ತೆ ಏಳದ ನಿದ್ದೆಯ ಇಂಜೆಕ್ಷನ್. ಯಾವುದನ್ನು ಆರಿಸಿದರೂ ರೋಗ ಪೂರ್ತಿ ಗುಣವಾಗುತ್ತದೆಂದು ಹೇಳಲಾರೆ, ಅದು ಆಗಲೇ ಶ್ವಾಸಕೋಶದ ದಾರಿ ಹಿಡಿದಿರಬಹುದು, ಈಗಿನ ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣುವುದಿಲ್ಲ ಎಂದರು.

ಕಾಲು ತೆಗೆಯುವುದು ಎಂದ ಕೂಡಲೇ ನಾನು ಬೇಡ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಕಡಬಕ್ಕೆ ಮುಟ್ಟಿ ಜಾಕಿಯನ್ನು ಇಳಿಸಿದ ಮೇಲೆ, ಅಷ್ಟು ಎತ್ತರದ ನಾಯಿ, ಕಾವಲಿನ ನಾಯಿ, ಮೂರು ಕಾಲಿನಲ್ಲಿ ಹೇಗೆ ಬದುಕುವುದು ಎಂದು ನಾನು ಮತ್ತೆ ಶುರು ಮಾಡಿದೆ. ಹಮೀದಾಕ ಪಿಕಪ್ಪಿನ ಬಾಗಿಲು ಹಾಕಿ ಹೇಳಿದರು:

"ನೀವು ಬದುಕಲಿಲ್ವಾ ವನಜಕ್ಕ?"

ಅವರ ದನಿಯಲ್ಲಿ ಕುಹಕ ಇರಲಿಲ್ಲ. ಅದು ಈಗ ನನಗೆ ಗೊತ್ತು. ಆಗ ಕೆನ್ನೆಗೆ ಹೊಡೆದಂತಾಯಿತು. ಇಪ್ಪತ್ತು ವರ್ಷ ಗೋಡೆಗೆ ಗೋಡೆ ತಾಗಿಸಿ ಕುಳಿತ ಮನುಷ್ಯ ಒಮ್ಮೆಯೂ ನನ್ನ ಕಾಲಿನ ಸುದ್ದಿ ಎತ್ತಿದವರಲ್ಲ. ನಾಲ್ಕು ದಿನ ನಾನು ಅವರ ಮುಖ ನೋಡಲಿಲ್ಲ. ಮನೆಯಲ್ಲಿ ಅಮ್ಮನ ಹತ್ತಿರ ಹೇಳಿಕೊಂಡರೆ ಅವಳು ನನ್ನ ಪರ ಮಾತಾಡಲಿಲ್ಲ. ನಾನು ಚಿಕ್ಕವಳಿದ್ದಾಗ ಎಣ್ಣೆ ತಿಕ್ಕುವವರು, ನಾಟಿ ಮದ್ದಿನವರು, ದೊಡ್ಡಾಸ್ಪತ್ರೆ ಎಂದು ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ಅವಳು. ಬೆಂಡೆಕಾಯಿ ಹೆಚ್ಚುತ್ತಾ ಕೇಳಿ, ಕೊನೆಗೆ, "ಆಗ ಯಾರಾದ್ರೂ ಇಂತಾದ್ದು ಮಾಡಿದ್ರೆ ನಿನ್ನ ನೋವು ನಿಲ್ತದೆ ಅಂತ ಹೇಳಿದ್ರೆ ನಾನು ಅಲ್ಲೇ ಒಪ್ತಿದ್ದೆ" ಎಂದಳು.

ಐದನೆಯ ದಿನ ಜಾಕಿ ಅನ್ನ ಮುಟ್ಟಲಿಲ್ಲ. ನಾನು ಕುರ್ಚಿ ಎಳೆದ ಸದ್ದಿಗೇ ಹೆದರಿ ಕಾಲು ಒಳಗೆಳೆದುಕೊಂಡು ಸಣ್ಣಗೆ ಅಳುತ್ತಿದ್ದ. ಎಂಟು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ. ಪುತ್ತೂರಿನ ಡಾಕ್ಟರಿಗೆ ಫೋನ್ ಮಾಡಿ ಇನ್ನೂ ಬಲವಾದ ಮಾತ್ರೆ ಇದೆಯೇ ಎಂದು ಕೇಳಿದೆ. ಇದೆ, ಬರೆದು ಕಳಿಸುತ್ತೇನೆ ಎಂದರು. ಆಮೇಲೆ, "ಒಂದು ಕೇಳ್ಲಾ? ಬೇಜಾರು ಮಾಡ್ಬೇಡಿ. ನಿಮ್ಮ ಕಾಲು ನಿಮಗೆ ನೋಯ್ತದಾ?" ಎಂದರು.

"ಇಲ್ಲ. ಸಂಜೆಗೆ ಸೊಂಟ ಹಿಡಿತದೆ. ಕಾಲು ನೋಯುದಿಲ್ಲ."

"ಜಾಕಿಯ ಕಾಲು ನೋಯ್ತದೆ. ನಿಮಿಷ ಬಿಡದೆ ನೋಯ್ತದೆ."

ಫೋನ್ ಇಟ್ಟು ಮಿಷನ್ನಿನ ಎದುರು ಕುಳಿತೆ. ನನ್ನ ಕಾಲಿನಿಂದ ನನಗಾದ ಸಂಕಟ ಏನೆಂದು ಅಷ್ಟು ನೇರವಾಗಿ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಶಾಲೆಯಲ್ಲಿ ಇಟ್ಟ ಅಡ್ಡಹೆಸರು ಉಂಟು. ಹೆಣ್ಣು ನೋಡಲು ಬಂದವರು ಚಹಾ ಕುಡಿಯುವವರೆಗೆ ನಾನು ಕುಳಿತೇ ಇರಬೇಕೆಂದು ಮನೆಯವರು ಹೇಳಿಕೊಟ್ಟದ್ದು ಉಂಟು. ಪೇಟೆಯಲ್ಲಿ ಯಾರೂ ನೋಡಬಾರದೆಂದು ಮನೆಯಿಂದ ಅಂಗಡಿಯ ಮೆಟ್ಟಿಲವರೆಗೂ ಆಟೋದಲ್ಲೇ ಬಂದು ಇಳಿಯುವುದು ಉಂಟು. ಇವುಗಳಲ್ಲಿ ಒಂದೂ ಜಾಕಿಗೆ ಬರುವ ಕಷ್ಟವಲ್ಲ. ಅವನಿಗೆ ಇದ್ದದ್ದು ಒಂದೇ, ಆ ಎಲುಬಿನ ನೋವು. ನಾನು ಅವನ ಪರವಾಗಿ ಹೆದರುತ್ತಿದ್ದದ್ದು ನನ್ನ ಹೆದರಿಕೆಗಳನ್ನು.

ಗೋಡೆಯಾಚೆ ಹೋಗಿ ಹಮೀದಾಕನಿಗೆ, "ತೆಗೆಸುವ" ಎಂದೆ. ಅವರು ಹಿಂದಿನ ಮಾತನ್ನೂ ಎತ್ತಲಿಲ್ಲ, ನಾನು ಮಾತು ಬಿಟ್ಟದ್ದನ್ನೂ ಎತ್ತಲಿಲ್ಲ. ಗಾಡಿ ಎಷ್ಟು ಗಂಟೆಗೆ ತರಬೇಕು ಎಂದಷ್ಟೇ ಕೇಳಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಬೆಳಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಅವನು ಬಾಗಿಲಿನವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದ. ನಾವಿಬ್ಬರು ವರಾಂಡದಲ್ಲಿ ಕುಳಿತೆವು. ಹಮೀದಾಕ ಮಧ್ಯಾಹ್ನದ ನಮಾಜಿಗೆ ಹೋಗಿ ಬಂದರು, ಬರುವಾಗ ನನಗೆ ಎರಡು ಬನ್ಸ್ ತಂದರು. ಮನೆಯಲ್ಲಿ ಏನು ಹೇಳಿ ಬಂದಿರಿ ಎಂದು ಕೇಳಿದೆ. ನಾಯಿಯ ಕಾಲಿಗಾಗಿ ಒಂದು ದಿನದ ವ್ಯಾಪಾರ ಬಿಡುವುದಾ ಎಂದು ಹೆಂಡತಿ ಆಯಿಶಮ್ಮ ಬೈದರಂತೆ. ಬೈದು, ಬುತ್ತಿಯನ್ನೂ ಕಟ್ಟಿಕೊಟ್ಟರಂತೆ. ಆ ಬುತ್ತಿಯನ್ನು ಇವರು ಗಡಿಬಿಡಿಯಲ್ಲಿ ಮರೆತು ಬಂದಿದ್ದರು.

ಮಧ್ಯಾಹ್ನ ಮೂರು ಗಂಟೆಗೆ ಸರ್ಜನ್ ಹೊರಗೆ ಬಂದು ಎಲ್ಲ ಸರಿಯಾಯಿತು ಎಂದರು. ಎರಡು ದಿನ ಅಲ್ಲೇ ಇಟ್ಟುಕೊಂಡು ಮೂರನೆಯ ದಿನ ಕಳಿಸಿದರು. ಬಲಬದಿಯ ರೋಮವೆಲ್ಲ ಬೋಳಿಸಿ, ಭುಜ ಇದ್ದಲ್ಲಿ ಉದ್ದಕ್ಕೆ ಹೊಲಿಗೆ. ನಾನು ಹೊಲಿಗೆಯವಳು, ಕಣ್ಣು ಮೊದಲು ಅಲ್ಲಿಗೇ ಹೋಯಿತು. ಸಮಾನ ಅಂತರದ, ನಿಧಾನವಾಗಿ ಹಾಕಿದ ಹೊಲಿಗೆ. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

ಅವನನ್ನು ಗಾಡಿಗೆ ಹತ್ತಿಸಬೇಕಿತ್ತು. ಮೂವತ್ತು ಕಿಲೋಗಿಂತ ಮೇಲಿನ ನಾಯಿ, ನನ್ನಿಂದ ಎತ್ತಲು ಸಾಧ್ಯವಿಲ್ಲ. ಆಸ್ಪತ್ರೆಯವರನ್ನು ಕರೆಯೋಣವೆಂದು ನಾನು ತಿರುಗುವಷ್ಟರಲ್ಲಿ ಹಮೀದಾಕ ಅಂಗಿಯ ತೋಳು ಮಡಚಿ, ಬಗ್ಗಿ, ಎರಡೂ ಕೈಗಳಲ್ಲಿ ಜಾಕಿಯನ್ನು ಎದೆಗೆ ಎತ್ತಿಕೊಂಡರು. ಜಾಕಿ ನೋವಿನ ಮದ್ದಿನ ಅಮಲಿನಲ್ಲೇ ಅವರ ಕುತ್ತಿಗೆ ನೆಕ್ಕಿದ.

ನಾನು ಗಾಬರಿಯಾಗಿ, "ಹಮೀದಾಕ, ನಿಮಗೆ ತೊಳೆಯಬೇಕಲ್ಲ" ಎಂದೆ.

"ಇದನ್ನು ತೊಳಿಲಿಕ್ಕೆ ಮಣ್ಣು ಉಂಟು, ನೀರು ಉಂಟು. ಎತ್ತದೆ ಬಿಟ್ರೆ ಅದನ್ನು ಎಂತದ್ರಲ್ಲಿ ತೊಳೆಯುದು ಮಾರಾಯ್ರೆ?"

ಆ ಸಂಜೆ ಅವರು ಗೋದಾಮಿನ ಹಿಂದಿನ ನಳ್ಳಿಯಲ್ಲಿ ಮಣ್ಣು ಹಾಕಿ ಲೆಕ್ಕ ಮಾಡಿ ತೊಳೆದು, ಅಂಗಿ ಬದಲಿಸಿ ನಮಾಜಿಗೆ ಪಳ್ಳಿಗೆ ಹೋದರು. ಆಮೇಲಿನ ದಿನಗಳಲ್ಲಿ ದಿನಕ್ಕೆ ಎರಡು ಸಲ ಎತ್ತಿದರು, ಎರಡು ಸಲ ತೊಳೆದರು.

ಮುಂದಿನ ಹನ್ನೊಂದು ದಿನಗಳ ಬಗ್ಗೆ ನಿಜ ಹೇಳಬೇಕು. ಇದನ್ನು ಓದುವವರಲ್ಲಿ ಯಾರಾದರೂ ಅದೇ ದಿನಗಳಲ್ಲಿ ಇರಬಹುದು. ಮೂರನೆಯ ದಿನಕ್ಕೇ ಓಡಿದ ನಾಯಿಗಳ ವಿಡಿಯೋ ನಾನು ನೋಡಿದ್ದೆ. ಜಾಕಿ ಏಳಲೇ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಕರೆದರೆ ಕಿವಿ ಮಾತ್ರ ಅಲುಗುತ್ತಿತ್ತು. ಎದೆಯ ಕೆಳಗೆ ಪಟ್ಟಿ ಹಾಕಿ ಎಬ್ಬಿಸಿ ನಿಲ್ಲಿಸಿ ಎಂದು ಡಾಕ್ಟರ್ ಹೇಳಿದ್ದರಿಂದ, ಗಿರಾಕಿಗಳ ಜೀನ್ಸ್ ಪ್ಯಾಂಟು ಗಿಡ್ಡ ಮಾಡುವಾಗ ಉಳಿದ ತುಂಡುಗಳನ್ನು ಜೋಡಿಸಿ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಒಂದು ಪಟ್ಟಿ ಹೊಲಿದೆ. ಮೊದಲ ಸಲ ಹಾಕಿದಾಗ ಹೆದರಿ ನನ್ನ ಮಣಿಕಟ್ಟು ಕಚ್ಚಿದ. ರಕ್ತ ಬರಲಿಲ್ಲ, ಆದರೆ ಕಚ್ಚಿದ ಮೇಲೆ ಅವನು ನನ್ನನ್ನು ನೋಡಿದ ರೀತಿಗೆ ನಾನು ಕಟ್ಟಿಂಗ್ ಮೇಜಿನ ಹಿಂದೆ ಹೋಗಿ ಅತ್ತೆ. ತಪ್ಪು ಮಾಡಿದೆವು, ಕೇಳದ ಜೀವದ ಕಾಲು ಕಡಿಸಿದೆವು ಎಂದು ಅಮ್ಮನಿಗೆ ಹೇಳಿದೆ. ಹಮೀದಾಕನಿಗೆ ಹೇಳಲಿಲ್ಲ. ಅವರ ಮುಖದಲ್ಲೂ ಅದೇ ಇತ್ತು.

ಹನ್ನೆರಡನೆಯ ದಿನ ಬೆಳಗ್ಗೆ ನಾನು ಒಂದು ಮದುಮಗಳ ರವಿಕೆಗೆ ಇಸ್ತ್ರಿ ಹಾಕುತ್ತಿದ್ದೆ. ಶೀಟು ತುಂಬಿದ ಜೀಪೊಂದು ಗೋದಾಮಿನ ಅಂಗಳಕ್ಕೆ ಹಿಮ್ಮುಖವಾಗಿ ಬರತೊಡಗಿತು. ನನ್ನ ಕಾಲ ಬಳಿಯಿಂದ ಏನೋ ಸರಕ್ಕನೆ ಎದ್ದಿತು. ನೋಡಿದರೆ ಜಾಕಿ ಬಾಗಿಲಲ್ಲಿ ನಿಂತು, ಜೀಪಿನವನ ಮೇಲೆ ಹಳೆಯ ದೊಡ್ಡ ದನಿಯಲ್ಲಿ ಬೊಗಳುತ್ತಿದ್ದಾನೆ. ಪಟ್ಟಿಯಿಲ್ಲ, ಯಾರೂ ಹಿಡಿದಿಲ್ಲ. ಮೂರು ಕಾಲಿನಲ್ಲಿ ಮೆಟ್ಟಿಲು ಇಳಿದು ಕುಪ್ಪಳಿಸುತ್ತಾ ಹೋಗಿ ಜೀಪಿನ ಚಕ್ರ ಮೂಸಿದ. ಹಮೀದಾಕ ತಕ್ಕಡಿಯ ಬಳಿ ಹಾಗೇ ನಿಂತುಬಿಟ್ಟರು. ನನ್ನ ಇಸ್ತ್ರಿಪೆಟ್ಟಿಗೆ ರವಿಕೆಯ ತೋಳಿನ ಮೇಲೆಯೇ ಉಳಿದು ಕಂದು ಕಲೆ ಬಿತ್ತು. ಆ ಹುಡುಗಿಗೆ ನಡೆದದ್ದನ್ನೆಲ್ಲ ಹೇಳಿ ಬೇರೆ ಬಟ್ಟೆಯಲ್ಲಿ ಹೊಲಿದುಕೊಟ್ಟೆ. ಅವಳು ನಾಯಿಯನ್ನು ನೋಡಬೇಕೆಂದಳು, ನೋಡಿ ಅದರ ತಲೆ ಸವರಿ ಹೋದಳು.

ಇಂಜೆಕ್ಷನ್‌ಗಳನ್ನು ಪುತ್ತೂರಿನಲ್ಲೇ ಕೊಟ್ಟರು. ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಪ್ರತಿ ಸಲವೂ ಎರಡು ಮೂರು ದಿನ ಸೋತು ಮಲಗುತ್ತಿದ್ದ, ಊಟ ಸೇರುತ್ತಿರಲಿಲ್ಲ. ಆ ದಿನಗಳಲ್ಲಿ ಅವನ ಮೂತ್ರ ಒರೆಸುವಾಗ ಕೈಗವಸು ಹಾಕಿ ಎಂದಿದ್ದರು, ಹಾಕಿದೆವು. ಮೊದಲ ಇಂಜೆಕ್ಷನ್ ಆದ ಮರುದಿನ ಆಯಿಶಮ್ಮ ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯನ್ನು ಒಂದು ಹಳೆಯ ಪಾತ್ರೆಯಲ್ಲಿ ಕಳಿಸಿದರು. ಪಾತ್ರೆ ವಾಪಸ್ ಬೇಡ, ಅದು ಇನ್ನು ಜಾಕಿಯದ್ದೇ ಎಂದು ಹೇಳಿಕಳಿಸಿದ್ದರು. ಎಲ್ಲ ಬಿಟ್ಟವನು ಅದೊಂದನ್ನು ತಿಂದ. ನಾಲ್ಕೂ ಇಂಜೆಕ್ಷನ್ನಿಗೆ ನಾಲ್ಕು ಸಲ ಕೋಳಿ ಬಂತು.

ನನಗೆ ನಿಜವಾದ ಕಷ್ಟ ಬಂದದ್ದು ಬೇರೆ ಕಡೆಯಿಂದ. ಮೈ ಬೆಳೆಸಬಾರದು, ಉಳಿದ ಕಾಲುಗಳಿಗೆ ಬಲ ಬರಬೇಕು, ದಿನಾ ನಡೆಸಿ ಎಂದರು ಡಾಕ್ಟರ್. ಹಮೀದಾಕನಿಗೆ ಸಂಜೆ ತೂಕದ ಗಡಿಬಿಡಿ. ಉಳಿದದ್ದು ನಾನು. ಐದು ಗಂಟೆಗೆ, ಶಾಲೆ ಬಿಟ್ಟ ಮಕ್ಕಳೂ ಬಸ್ಸಿಗೆ ಕಾಯುವವರೂ ತುಂಬಿದ ಪೇಟೆಯಲ್ಲಿ, ಎಷ್ಟೋ ವರ್ಷಗಳ ನಂತರ ನಾನು ಬೀದಿಗೆ ಇಳಿದು ನಡೆದೆ. ಮೊಣಕಾಲಿಗೆ ಕೈ ಊರಿ ವಾಲಿ ವಾಲಿ ನಡೆಯುವ ನಾನು, ಪಕ್ಕದಲ್ಲಿ ತಲೆ ಮೇಲೆ ಕೆಳಗೆ ಮಾಡುತ್ತಾ ಕುಪ್ಪಳಿಸುವ ಅವನು. ಎಲ್ಲರೂ ನೋಡಿದರು. ನೋಡದೆ ಇರಲು ಸಾಧ್ಯವೂ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಬಳಿ ಬೀಡದಂಗಡಿಯ ಶೀನಣ್ಣ, "ಎಂತ ವನಜಕ್ಕ, ಇಬ್ಬರದ್ದೂ ಒಂದೇ ಲೆಕ್ಕ ಆಯ್ತಲ್ಲ" ಎಂದರು. ಸುತ್ತ ನಿಂತವರು ನಕ್ಕರು. ಇಂಥ ಮಾತಿಗೆ ನಾನು ಜೀವಮಾನದಲ್ಲಿ ಉತ್ತರ ಕೊಟ್ಟವಳಲ್ಲ, ತಲೆ ತಗ್ಗಿಸಿ ಹೋದವಳು. ಆ ದಿನ ಜಾಕಿ ಅಲ್ಲೇ ನಿಂತು ಅವರ ಅಂಗಡಿಯ ಕಟ್ಟೆ ಮೂಸತೊಡಗಿದ, ಹೋಗುವ ಹಾಗಿರಲಿಲ್ಲ. "ಹೌದು ಶೀನಣ್ಣ, ಇಬ್ಬರದ್ದೂ ಸೇರಿಸಿದ್ರೆ ನಾಲ್ಕೂವರೆ ಕಾಲು ಉಂಟು. ನಿಮ್ಮದ್ದಕ್ಕಿಂತ ಹೆಚ್ಚೇ" ಎಂದೆ. ಈಗ ಎಲ್ಲರೂ ನಕ್ಕದ್ದು ಶೀನಣ್ಣನನ್ನು ನೋಡಿ. ಅವರೂ ನಕ್ಕರು. ಮರುದಿನ ನಾವು ಹೋಗುವಾಗ ದಾರಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದ ತಮ್ಮ ಸ್ಕೂಟರನ್ನು ಬದಿಗೆ ಸರಿಸಿಟ್ಟಿದ್ದರು. ಅಂದಿನಿಂದ ಅದನ್ನು ಅಲ್ಲೇ ಬದಿಗೆ ಇಡುತ್ತಾರೆ.

ಕಾಲು ತೆಗೆದು ಹತ್ತು ತಿಂಗಳಾದಾಗ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಕಡಲೆಯಷ್ಟು ದೊಡ್ಡ ಒಂದು ಚುಕ್ಕೆ ಕಂಡಿತು. ಡಾಕ್ಟರ್ ಮುಚ್ಚಿಡಲಿಲ್ಲ. ಬೇರೆ ಮದ್ದು ಹಾಕಿ ನೋಡಬಹುದು, ಆದರೆ ಅದರಿಂದ ಹೆಚ್ಚು ಸಿಗುವ ಭರವಸೆ ತನಗಿಲ್ಲ ಎಂದರು. ಹಮೀದಾಕ ನನ್ನನ್ನು ನೋಡಿದರು, ನಾನು ಅವರನ್ನು. ಈ ಸಲ ಜಗಳ ಇರಲಿಲ್ಲ. ಇನ್ನು ಚುಚ್ಚುವುದು ಬೇಡ, ನೋವು ಬಂದರೆ ಮಾತ್ರೆ, ಅದೂ ತಡೆಯದ ದಿನ ಬಂದರೆ ನೀವು ಕಡಬಕ್ಕೇ ಬಂದು ಅವನನ್ನು ಅವನ ಜಾಗದಲ್ಲೇ ಮಲಗಿಸಿಕೊಡಬೇಕು ಎಂದು ಕೇಳಿದೆವು. ಬರುತ್ತೇನೆ ಎಂದು ಡಾಕ್ಟರ್ ಮಾತು ಕೊಟ್ಟಿದ್ದಾರೆ. ಆ ಮಾತು ಇರುವುದರಿಂದ ನಾವು ಈಗ ದಿನ ಎಣಿಸುವುದಿಲ್ಲ.

ಅದಾಗಿ ಮತ್ತೆ ನಾಲ್ಕು ತಿಂಗಳು ಕಳೆದಿದೆ. ಒಮ್ಮೊಮ್ಮೆ ಒಣ ಕೆಮ್ಮು. ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ಹತ್ತುತ್ತಾನೆ. ಜೀಪು ಬಂದರೆ ಈಗಲೂ ಎದ್ದು ಬೊಗಳುತ್ತಾನೆ.

ಹೋದ ವಾರ ಇಚಿಲಂಪಾಡಿಯಿಂದ ಒಬ್ಬ ಹೆಂಗಸು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಬಟ್ಟೆ ಹೊಲಿಸಲು ಬಂದವರಲ್ಲ. ಕೈಯಲ್ಲಿ ದೊಡ್ಡ ಕಂದು ಲಕೋಟೆ. ಅಂಥ ಲಕೋಟೆಯಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಅವರ ನಾಯಿಗೆ ಹಿಂಗಾಲಿನಲ್ಲಿ, ಅದೇ ಕಾಯಿಲೆ. ಪುತ್ತೂರಿನ ಡಾಕ್ಟರೇ ನನ್ನನ್ನು ಕೇಳಿ, ಒಪ್ಪಿಗೆ ಪಡೆದು ಕಳಿಸಿದ್ದರು. ಚಹಾ ತರಿಸಿದೆ. ಅವರು ಚಹಾ ಕುಡಿಯದೆ ಮಿಷನ್ನಿನ ಕೆಳಗೆ ಮಲಗಿದ್ದ ಜಾಕಿಯನ್ನೇ ನೋಡುತ್ತಾ ಕುಳಿತರು. ಅವನು ಎದ್ದು, ಮೈ ಮುರಿದು, ಬಂದು ಅವರ ಮಡಿಲ ಮೇಲೆ ಗದ್ದ ಇಟ್ಟ. ಕಾಲು ಇದ್ದ ಜಾಗವನ್ನು ಅವರು ಬೆರಳ ತುದಿಯಿಂದ ಮುಟ್ಟಿದರು.

"ಮಾಡಿಸಿದ್ದು ತಪ್ಪಾಯ್ತು ಅಂತ ನಿಮಗೆ ಕಂಡದ್ದುಂಟಾ?" ಎಂದು ಕೇಳಿದರು.

"ಉಂಟು. ಹನ್ನೊಂದು ದಿನ" ಎಂದೆ.

"ಆಮೇಲೆ?"

"ಆಮೇಲೆ ಇಲ್ಲ."

ಅವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಮನೆಯಲ್ಲಿ ಹೇಳಿ ನೋಡುತ್ತೇನೆ ಎಂದು ಎದ್ದರು. ಅವರ ಬಸ್ಸಿಗೆ ಹೊತ್ತಾಗಿತ್ತು. ನಾನು ಬಾಗಿಲು ಎಳೆದುಕೊಂಡು ಅವರ ಜೊತೆ ಹೊರಟೆ, ಜಾಕಿ ನಮಗಿಂತ ಮುಂದೆ. ಪೇಟೆ ತುಂಬಾ ಜನ ಇದ್ದರು. ನಾವು ಅವಸರ ಮಾಡಲಿಲ್ಲ. ಆ ಹೆಂಗಸು ತಮ್ಮ ಹೆಜ್ಜೆಯನ್ನು ನಮ್ಮ ಹೆಜ್ಜೆಗೆ ಹೊಂದಿಸಿಕೊಂಡು, ಬಸ್ಸಿನ ಮೆಟ್ಟಿಲವರೆಗೂ ನಮ್ಮ ಜೊತೆಗೇ ನಡೆದರು.